ಆರಿಸಿಕೊಂಡ ನಾಲ್ಕು ದಿನ

ಜೂನ್ ಹದಿನಾಲ್ಕು, ಶುಕ್ರವಾರ. ಬೆಳಗ್ಗೆ ತುಂತುರು ಬಿದ್ದು ನಿಂತಿತ್ತು. ಹನ್ನೊಂದರ ಹೊತ್ತಿಗೆ ಬಿಸಿಲು ಬಂದಿತ್ತು.

“ಓಡ್ತಾ ಇರೋದನ್ನ ಯಾಕೆ ಸರ್ ನಿಲ್ಲಿಸಬೇಕು?” ಎಂದು ಸಿಂಚನಾ ಕೇಳಿದಳು.

ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರ ವಿಭಾಗದ ಸರ್ವರ್ ನೋಡಿಕೊಳ್ಳುವ ಕೆಲಸಕ್ಕೆ ಅವಳು ಸೇರಿ ಹತ್ತು ತಿಂಗಳಾಗಿತ್ತು. ಇನ್ನೆರಡು ತಿಂಗಳು ಕಳೆದರೆ ಕೆಲಸ ಖಾಯಂ ಆಗಬೇಕು. ಅವಳು ಬರುವ ಮೊದಲಿನಿಂದಲೂ ಆ ಸರ್ವರ್ ಒಂದೇ ಸಮನೆ ಓಡುತ್ತಿತ್ತು. ಒಂಬೈನೂರು ದಿನ ದಾಟಿತ್ತು. ಎಲ್ಲ ವಿಭಾಗಗಳ ಸರ್ವರುಗಳ ಮೇಲೆ ಕಣ್ಣಿಡುವ ಹಿರಿಯ ಅಧಿಕಾರಿ ನಂಜರಾಜಯ್ಯನವರು, ಶನಿವಾರ ಅದನ್ನು ಪೂರ್ತಿ ನಿಲ್ಲಿಸಿ ಮತ್ತೆ ಎಬ್ಬಿಸಿ ನೋಡು ಎಂದಿದ್ದರು. ಎದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಏಳದಿದ್ದರೆ ಎಲ್ಲರಿಗೂ ಗೊತ್ತಾಗುತ್ತದೆ, ಅವಳ ಹೆಸರಿನ ಸಮೇತ ಗೊತ್ತಾಗುತ್ತದೆ. ನಿನ್ನೆಯಿಂದ ಅವಳ ತಲೆಯಲ್ಲಿ ಇದೊಂದೇ ಕೊರೆಯುತ್ತಿತ್ತು.

“ಬೇಡ ಅಂತಲ್ಲ ಸರ್. ಆಗಸ್ಟ್ ಆಗಲಿ, ಆರ್ಡರ್ ಕೈಗೆ ಬರಲಿ. ಆಮೇಲೆ ನೀವು ಯಾವತ್ತು ಅಂದ್ರೆ ಅವತ್ತು ನಿಲ್ಲಿಸ್ತೀನಿ.”

ನಂಜರಾಜಯ್ಯನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕೇಳಿದ್ದಕ್ಕೆ ಹೂಂ ಎಂದಾಗಲಿ ಊಹೂಂ ಎಂದಾಗಲಿ ನೇರವಾಗಿ ಹೇಳುವವರಲ್ಲ ಅವರು.

“ಕೂತ್ಕೊಳಮ್ಮ. ಒಂದು ಕತೆ ಹೇಳ್ತೀನಿ. ಕೇಳಿಸ್ಕೊಂಡು ನೀನೇ ತೀರ್ಮಾನ ಮಾಡು.”

ಅವರು ಹೇಳಿದ ಕತೆ ಇದು.

ಒಂದು ವಿಭಾಗವಿತ್ತು. ಅಲ್ಲಿ ಒಂದು ಸರ್ವರ್ ಇತ್ತು. ವಿಭಾಗದ ಪತ್ರಗಳು, ವಿದ್ಯಾರ್ಥಿಗಳ ಅಂಕ, ಹಾಜರಿ, ಸಂಶೋಧಕರ ಲೆಕ್ಕಾಚಾರ, ಎಲ್ಲವೂ ಅದರ ಮೇಲೆ ನಿಂತಿದ್ದವು. ಅದನ್ನು ನೋಡಿಕೊಳ್ಳಲು ಒಬ್ಬ ಮೇಲ್ವಿಚಾರಕನಿದ್ದ.

ಮೇಲ್ವಿಚಾರಕ ಪ್ರಾಮಾಣಿಕ. ಕೆಲಸ ಬಲ್ಲವನು. ಅವನಿಗೆ ಒಂದೇ ಒಂದು ಹೆಮ್ಮೆಯಿತ್ತು: ತನ್ನ ಸರ್ವರ್ ನಿಂತಿಲ್ಲ ಎಂಬುದು. ಕೋಣೆಯ ಬಾಗಿಲಿಗೆ ಒಂದು ಕರಿಹಲಗೆ ತೂಗುಹಾಕಿದ್ದ. ದಿನಾ ಬೆಳಗ್ಗೆ ಬಂದವನೇ ಹಿಂದಿನ ಅಂಕಿ ಒರೆಸಿ ಹೊಸ ಅಂಕಿ ಬರೆಯುತ್ತಿದ್ದ. ನಾನೂರು ದಿನ. ಎಂಟುನೂರು ದಿನ. ಸಾವಿರ ದಾಟಿದ ಮೇಲೆ ವಿಭಾಗದ ಮುಖ್ಯಸ್ಥರು ಹೊರಗಿನ ಅತಿಥಿಗಳನ್ನು ಆ ಬಾಗಿಲಿನವರೆಗೆ ಕರೆತಂದು ತೋರಿಸತೊಡಗಿದರು.

ಯಾವ ಸರ್ವರಿನಲ್ಲೂ ಒಂದು ಪಟ್ಟಿ ಇರುತ್ತದೆ. ಹೊಸದಾಗಿ ಏಳುವಾಗ ಯಾವ ಯಾವ ಸೇವೆಯನ್ನು ತಾನಾಗಿಯೇ ಶುರುಮಾಡಬೇಕು ಎಂದು ಅದಕ್ಕೆ ಹೇಳುವ ಪಟ್ಟಿ. ಮೇಲ್ವಿಚಾರಕ ಹೊಸ ಸೇವೆ ಬಂದಾಗಲೆಲ್ಲ ಅದನ್ನು ಕೈಯಿಂದ ಶುರುಮಾಡಿ ಬಿಡುತ್ತಿದ್ದ. ಪಟ್ಟಿಗೆ ಸೇರಿಸುವುದನ್ನು ನಾಳೆಗೆ ಬಿಡುತ್ತಿದ್ದ. ಸೇರಿಸಿದ್ದು ಸರಿಯಿದೆಯೇ ಎಂದು ನೋಡಬೇಕಾದರೆ ಸರ್ವರನ್ನು ಒಮ್ಮೆ ನಿಲ್ಲಿಸಬೇಕು. ನಿಲ್ಲಿಸಿದರೆ ಹಲಗೆಯ ಅಂಕಿ ಸೊನ್ನೆಗೆ ಇಳಿಯುತ್ತದೆ. ತಂತ್ರಾಂಶದ ಹೊಸ ತಿದ್ದುಪಡಿಗಳು ಬಂದರೂ ಹಾಗೆಯೇ. ರೀಸ್ಟಾರ್ಟ್ ಬೇಡದವನ್ನು ಹಾಕುತ್ತಿದ್ದ, ಬೇಕೆನ್ನುವುದನ್ನು ಪಕ್ಕಕ್ಕಿಡುತ್ತಿದ್ದ. ಪಕ್ಕಕ್ಕಿಟ್ಟವು ಬೆಳೆಯುತ್ತ ಹೋದವು. ಅಂಕಿಯೂ ಬೆಳೆಯುತ್ತ ಹೋಯಿತು.

ಆ ವರ್ಷ ಒಂದು ಹಿರಿಯ ಹುದ್ದೆ ಖಾಲಿಯಾಗಿತ್ತು. ಮೇಲ್ವಿಚಾರಕ ಹದಿನಾರು ವರ್ಷದಿಂದ ಒಂದೇ ಕುರ್ಚಿಯಲ್ಲಿದ್ದ. ಆ ಬಡ್ತಿ ತನ್ನದೇ ಎಂದು ಅವನಿಗೂ ಅನ್ನಿಸಿತ್ತು, ವಿಭಾಗಕ್ಕೂ ಅನ್ನಿಸಿತ್ತು.

ಜನವರಿಯ ಮೊದಲ ವಾರ ಒಬ್ಬ ಸಂಶೋಧಕಿ ಅವನ ಕೋಣೆಗೆ ಬಂದಳು. ಐದು ವರ್ಷ ಬೀಜಗಳ ಮೊಳಕೆ ಎಣಿಸಿದವಳು. ಏಪ್ರಿಲ್ ಕೊನೆಗೆ ಅವಳ ಅವಧಿ ಮುಗಿಯುತ್ತಿತ್ತು. ಅಷ್ಟರೊಳಗೆ ಪ್ರಬಂಧ ಕೊಡದಿದ್ದರೆ ಐದು ವರ್ಷವೂ ಹೋದಂತೆ. ಆಗ ಕೋಣೆಯಲ್ಲಿ ಇನ್ನಿಬ್ಬರು ಅಧ್ಯಾಪಕರೂ ಕುಳಿತಿದ್ದರು.

“ಸರ್, ಏಪ್ರಿಲ್‌ನಲ್ಲಿ ನನ್ನ ಕೊನೇ ಲೆಕ್ಕ ಹಾಕಬೇಕು. ಇಪ್ಪತ್ತು ದಿನ ಓಡುತ್ತೆ. ನಡುವೆ ಸರ್ವರ್ ನಿಂತ್ರೆ ಮತ್ತೆ ಏಳೋದಕ್ಕೆ ಎಷ್ಟು ಹೊತ್ತು ಹಿಡಿಯುತ್ತೆ?”

“ನಿಂತ್ರೆ ತಾನೇ ತಾಯಿ ಏಳೋದು?” ಎಂದ ಮೇಲ್ವಿಚಾರಕ, ಬಾಗಿಲಿನ ಕಡೆ ಕೈ ತೋರಿಸಿ.

ಅಧ್ಯಾಪಕರಿಬ್ಬರೂ ನಕ್ಕರು. ಅವಳು ನಗಲಿಲ್ಲ.

“ಅಂದ್ರೆ ನಿಮಗೆ ಗೊತ್ತಿಲ್ಲ ಅಂತ,” ಎಂದು ಹೇಳಿ ಹೋದಳು.

ಮೇಲ್ವಿಚಾರಕ ಆ ಮಧ್ಯಾಹ್ನ ಊಟಕ್ಕೆ ಏಳಲಿಲ್ಲ. ಒಂದು ಹಾಳೆ ತೆಗೆದುಕೊಂಡು ಸರ್ವರಿನಲ್ಲಿ ಈಗ ಓಡುತ್ತಿರುವುದನ್ನೆಲ್ಲ ಬರೆದ. ಹತ್ತೊಂಬತ್ತು ಸೇವೆಗಳಿದ್ದವು. ಪಟ್ಟಿಯಲ್ಲಿದ್ದದ್ದು ಆರು. ಉಳಿದ ಹದಿಮೂರನ್ನು ಕೈಯಿಂದ ಶುರುಮಾಡಿದ್ದ. ಅವುಗಳಲ್ಲಿ ಎಂಟನ್ನು ಹೇಗೆ ಶುರುಮಾಡಿದ್ದೆ ಎಂಬುದು ನೆನಪಿಗೆ ಬಂತು. ಐದು ಬರಲಿಲ್ಲ. ಒಂದಂತೂ ಅವನಿಗಿಂತ ಮುಂಚೆ ಇದ್ದವರು ಬರೆದಿಟ್ಟು ಹೋದದ್ದು; ನಾಲ್ಕು ವರ್ಷದ ಹಿಂದೆ ಕಣ್ಣುಮುಚ್ಚಿ ಶುರುಮಾಡಿದ್ದ. ಅದು ಏನು ಮಾಡುತ್ತದೆ ಎಂಬುದೇ ತಿಳಿಯಲಿಲ್ಲ; ಆದರೆ ಹಗಲೆಲ್ಲ ಏನನ್ನೋ ಮಾಡುತ್ತಿತ್ತು.

ಮರುದಿನ ಅವನು ಮುಖ್ಯಸ್ಥರ ಬಳಿಗೆ ಹೋದ. ಸಂಕ್ರಾಂತಿ ಕಳೆದ ಮೇಲಿನ ಶನಿವಾರ ಸರ್ವರ್ ನಿಲ್ಲಿಸುತ್ತೇನೆ, ಅಪ್ಪಣೆ ಬೇಕು ಎಂದ.

ಮುಖ್ಯಸ್ಥರು ಅವನ ಹಿತ ಬಯಸುವವರೇ. “ಅಲ್ಲ ಮಾರಾಯ್ರೆ, ತಿಂಗಳ ಕೊನೆಗೆ ಬಡ್ತಿ ಸಮಿತಿ ಕೂರುತ್ತೆ. ನಿಮ್ಮ ಹಲಗೆ ಮೇಲಿನ ಅಂಕಿನ ನಾನೇ ನಿಮ್ಮ ಫೈಲಲ್ಲಿ ಬರೆದಿದ್ದೀನಿ. ಸಮಿತಿ ಮುಗೀಲಿ, ಆಮೇಲೆ ನಿಲ್ಲಿಸ್ಕೊಳ್ಳಿ.”

“ಆಮೇಲೆ ಪರೀಕ್ಷೆ ಫಲಿತಾಂಶ ಬರುತ್ತೆ ಸರ್. ಅದಾದ ಮೇಲೆ ಆ ಹುಡುಗಿ ಲೆಕ್ಕ, ಅದಾದ ಮೇಲೆ ಪ್ರವೇಶ. ಆಮೇಲೆ ಅನ್ನೋ ದಿನ ನಮ್ಮ ಕ್ಯಾಲೆಂಡರಲ್ಲಿಲ್ಲ.”

“ಏಳದೆ ಹೋದ್ರೆ ಹೊಣೆ ನಿಮ್ಮದು.”

“ಓಡ್ತಾ ಇರೋದರ ಹೊಣೇನೂ ನನ್ನದೇ ಅಲ್ವಾ ಸರ್.”

ಮುಖ್ಯಸ್ಥರು ಪೆನ್ನು ತೆಗೆದರು. ‘ಮೇಲ್ವಿಚಾರಕರ ಹೊಣೆಯ ಮೇಲೆ’ ಎಂದು ಬರೆದು ಸಹಿ ಹಾಕಿದರು.

ಶುಕ್ರವಾರ ಅವನು ಎಲ್ಲವನ್ನೂ ಎರಡೆರಡು ಕಡೆ ನಕಲು ಮಾಡಿದ. ನಕಲುಗಳನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು, ಓದಲು ಬರುತ್ತವೆ ಎಂದು ಖಾತ್ರಿ ಮಾಡಿಕೊಂಡ. ಶನಿವಾರ ಬೆಳಗ್ಗೆ ಒಂಬತ್ತಕ್ಕೆ ಸರ್ವರ್ ನಿಲ್ಲಿಸಿದ. ಹಲಗೆಯ ಮೇಲೆ ಸಾವಿರದ ನಾನೂರ ಹನ್ನೆರಡು ಎಂದಿತ್ತು.

ಸರ್ವರ್ ಏಳಲಿಲ್ಲ.

ಇಲ್ಲಿಗೆ ನಂಜರಾಜಯ್ಯನವರು ಒಂದು ಗುಟುಕು ನೀರು ಕುಡಿದರು. ಸಿಂಚನಾ ಕುರ್ಚಿಯ ಅಂಚಿಗೆ ಸರಿದಿದ್ದಳು.

“ಏನೂ ಬರಲಿಲ್ವಾ ಸರ್?”

“ಪರದೆ ಮೇಲೆ ಒಂದು ಸಾಲು ಬಂತು. ಡಿಸ್ಕ್ ಪರೀಕ್ಷೆ ಮಾಡ್ತಾ ಇದ್ದೀನಿ, ಕಾಯಿ ಅಂತ.”

ನಾಲ್ಕು ವರ್ಷದ ಪರೀಕ್ಷೆಯನ್ನು ಅದು ಒಟ್ಟಿಗೇ ಮಾಡುತ್ತಿತ್ತು. ಅದಕ್ಕೇ ಸಂಜೆಯಾಯಿತು. ಕತ್ತಲಾಗುವ ಹೊತ್ತಿಗೆ ಆರು ಸೇವೆಗಳು ಎದ್ದವು. ಭಾನುವಾರ ಎಂಟನ್ನು ಎಬ್ಬಿಸಿದ. ಸೋಮವಾರ ಅಧ್ಯಾಪಕರು ಬಂದರು. ಪತ್ರ ತೆರೆಯುತ್ತಿಲ್ಲ, ಹಾಜರಿ ಹಾಕಲಾಗುತ್ತಿಲ್ಲ, ಅಂಕ ಸೇರಿಸಲಾಗುತ್ತಿಲ್ಲ. ಒಬ್ಬೊಬ್ಬರೇ ಬಂದು ಬಾಗಿಲಲ್ಲಿ ನಿಂತು ಹೋದರು. ಅಂದು ನಕ್ಕಿದ್ದ ಅಧ್ಯಾಪಕರಲ್ಲಿ ಒಬ್ಬರು ಕೇಳಿಸುವ ಹಾಗೆಯೇ ಅಂದರು: “ಇರಲಾರದೆ ಇರುವೆ ಬಿಟ್ಕೊಳ್ಳೋದು ಅಂದ್ರೆ ಇದೇ ನೋಡಿ.”

ಮೇಲ್ವಿಚಾರಕ ತಲೆ ಎತ್ತಲಿಲ್ಲ. ಮರೆತುಹೋದ ಐದನ್ನು ಒಂದೊಂದಾಗಿ ಹುಡುಕಿದ. ಸಿಕ್ಕಿದ್ದನ್ನು ಪಟ್ಟಿಗೆ ಸೇರಿಸಿದ. ಸೇರಿಸಿದ್ದನ್ನು ಪುಸ್ತಕದಲ್ಲೂ ಬರೆದ. ಹಳಬರ ಕಾಲದ ಆ ಒಂದು ಸೇವೆ ಏನೆಂದು ಮಂಗಳವಾರ ಗೊತ್ತಾಯಿತು. ಸಂಶೋಧಕರ ಲೆಕ್ಕಗಳನ್ನು ಸರದಿಯಲ್ಲಿ ನಿಲ್ಲಿಸಿ ಒಂದಾದ ಮೇಲೆ ಒಂದನ್ನು ಓಡಿಸುವುದು ಅದೇ. ಅದಿಲ್ಲದೆ ಯಾರ ಲೆಕ್ಕವೂ ಒಂದು ಹೆಜ್ಜೆ ಮುಂದೆ ಹೋಗುತ್ತಿರಲಿಲ್ಲ. ಮಂಗಳವಾರ ಸಂಜೆಗೆ ಹತ್ತೊಂಬತ್ತೂ ಎದ್ದಿದ್ದವು.

ಬುಧವಾರ ಬೆಳಗ್ಗೆ ಅವನು ಸರ್ವರನ್ನು ಮತ್ತೆ ನಿಲ್ಲಿಸಿದ.

“ಮತ್ತೇನಾ?” ಸಿಂಚನಾ ತಡೆಯಲಾರದೆ ಕೇಳಿದಳು. “ಭಯ ಆಗ್ಲಿಲ್ವಾ ಸರ್ ಅವರಿಗೆ?”

“ಶುಕ್ರವಾರದವರೆಗೆ ಆಗಿತ್ತು. ಶನಿವಾರದಿಂದ ಕೆಲಸ ಇತ್ತಲ್ಲಮ್ಮ.”

ನಿಲ್ಲಿಸುವ ಮುಂಚೆ ಅವನು ಆ ಸಂಶೋಧಕಿಯನ್ನು ಕರೆಸಿದ್ದ. ಗಡಿಯಾರ ನೋಡುತ್ತಿರು ಎಂದ. ಅವಳು ನೋಡಿದಳು. ಅವನು ಕೈ ಕಟ್ಟಿಕೊಂಡು ಕೂತ. ಒಂದು ಕೀಲಿಯನ್ನೂ ಮುಟ್ಟಲಿಲ್ಲ. ಹತ್ತೊಂಬತ್ತು ಸೇವೆಗಳೂ ತಾವಾಗಿ ಎದ್ದವು.

“ಎಷ್ಟಾಯ್ತು ತಾಯಿ?”

“ಹದಿನಾಲ್ಕು ನಿಮಿಷ.”

“ಅವತ್ತು ನೀನು ಕೇಳಿದ್ದಕ್ಕೆ ಉತ್ತರ ಅದು. ಬರೆದುಕೋ,” ಎಂದ ಮೇಲ್ವಿಚಾರಕ. ಲೆಕ್ಕ ಎಲ್ಲಿಯವರೆಗೆ ಬಂದಿದೆ ಎಂದು ಗಂಟೆಗೊಮ್ಮೆ ಡಿಸ್ಕಿನಲ್ಲಿ ಬರೆದಿಡುವ ಉಪಾಯವನ್ನೂ ಅಂದೇ ಕೂರಿಸಿಕೊಂಡು ಹೇಳಿಕೊಟ್ಟ. ಎದ್ದು ಹೋಗಿ ಹಲಗೆ ಬಿಚ್ಚಿ ಅಟೆಂಡರ್ ಕೈಗೆ ಕೊಟ್ಟ. ಮನೆಯಲ್ಲಿ ಮಕ್ಕಳು ಬರೆಯುತ್ತಾರೆ, ತೆಗೆದುಕೊಂಡು ಹೋಗು ಎಂದ.

ಅಧ್ಯಾಪಕರು ದೂರು ಕೊಟ್ಟಿದ್ದರು. ಮುಖ್ಯಸ್ಥರು ಮೆಮೊ ಕೊಡಲೇಬೇಕಾಯಿತು: ಪಾಠದ ದಿನಗಳೂ ಸೇರಿ ವಿಭಾಗದ ಸೇವೆ ನಾಲ್ಕು ದಿನ ನಿಂತದ್ದಕ್ಕೆ ಕಾರಣ ತಿಳಿಸಿ. ಮೇಲ್ವಿಚಾರಕ ಎರಡು ಸಾಲಿನ ಉತ್ತರ ಬರೆದ. ‘ಈ ನಾಲ್ಕು ದಿನಗಳು ಎಂದಾದರೊಮ್ಮೆ ಹೋಗಲೇಬೇಕಾಗಿದ್ದವು. ಯಾವ ನಾಲ್ಕು ಎಂಬುದನ್ನು ನಾನು ಆರಿಸಿದೆ.’

ಫೆಬ್ರವರಿಯಲ್ಲಿ ಪರೀಕ್ಷೆಯ ಫಲಿತಾಂಶ ಬಂತು. ಸರ್ವರಿಗೆ ಏನೂ ಆಗಲಿಲ್ಲ. ಏಪ್ರಿಲ್‌ನಲ್ಲಿ ಸಂಶೋಧಕಿ ತನ್ನ ಲೆಕ್ಕ ಶುರುಮಾಡಿದಳು. ಹದಿನೇಳನೆಯ ದಿನ ಮಧ್ಯಾಹ್ನ ವಿದ್ಯುತ್ ಕೆಲಸದವನೊಬ್ಬ ಮೊಗಸಾಲೆಯಲ್ಲಿ ಹಳೆಯ ತಂತಿಗಳನ್ನು ತೆಗೆಯುತ್ತಿದ್ದ. ಬೇಡದ ತಂತಿ ಎಂದುಕೊಂಡು, ಯುಪಿಎಸ್‌ನಿಂದ ಸರ್ವರಿಗೆ ಬರುವ ತಂತಿಯನ್ನೇ ಕತ್ತರಿಸಿದ. ಸರ್ವರ್ ಸತ್ತಿತು.

ವಿಭಾಗವೆಲ್ಲ ಚಹಾಕ್ಕೆ ಹೋಗಿದ್ದ ಹೊತ್ತು. ಮೇಲ್ವಿಚಾರಕ ಅವನನ್ನು ಬೈಯಲಿಲ್ಲ. ಕತ್ತರಿಸಿದ್ದನ್ನು ಅವನ ಕೈಯಿಂದಲೇ ಕೂಡಿಸಿದ. ಆಮೇಲೆ ಕೈ ಕಟ್ಟಿಕೊಂಡು ಕೂತ. ಹದಿನಾಲ್ಕು ನಿಮಿಷವಾಯಿತು. ಸಂಶೋಧಕಿಯ ಲೆಕ್ಕ ಹಿಂದಿನ ಗಂಟೆಯಲ್ಲಿ ಎಲ್ಲಿತ್ತೋ ಅಲ್ಲಿಂದ ಮುಂದುವರಿಯಿತು. ಚಹಾ ಮುಗಿಸಿ ಬಂದವರು ತಮ್ಮ ತಮ್ಮ ಕಂಪ್ಯೂಟರ್ ಮುಂದೆ ಕೂತರು. ಒಬ್ಬರು ಮಾತ್ರ, ಯಾಕೋ ಪಾಸ್‌ವರ್ಡ್ ಎರಡನೇ ಸಲ ಕೇಳ್ತಾ ಇದೆ ಎಂದು ಗೊಣಗಿದರು.

ಸಂಶೋಧಕಿ ಇಪ್ಪತ್ತೊಂಬತ್ತನೇ ತಾರೀಖು ಪ್ರಬಂಧ ಕೊಟ್ಟಳು.

ಕತೆ ಅಲ್ಲಿಗೆ ನಿಂತಿತು. ನಂಜರಾಜಯ್ಯನವರು ಕನ್ನಡಕ ಎತ್ತಿಕೊಂಡು ನಿಧಾನವಾಗಿ ಕರವಸ್ತ್ರದಲ್ಲಿ ಒರೆಸತೊಡಗಿದರು. ಸಿಂಚನಾಳಿಗೆ ಸಮಾಧಾನವಾಗಿತ್ತು. ಆ ಹದಿನಾಲ್ಕು ನಿಮಿಷ ಅವಳಿಗೆ ತುಂಬ ಹಿಡಿಸಿತ್ತು. ತಾನೂ ಹಾಗೆ ಕೈ ಕಟ್ಟಿಕೊಂಡು ಕೂತಿರುವುದನ್ನು ಅವಳು ಆಗಲೇ ಮನಸ್ಸಿನಲ್ಲಿ ಕಂಡಿದ್ದಳು. ಆದರೂ ಒಂದು ಪ್ರಶ್ನೆ ಉಳಿದಿತ್ತು. ಅವಳು ಬಂದದ್ದೇ ಅದಕ್ಕೆ.

“ಆ ಬಡ್ತಿ ಏನಾಯ್ತು ಸರ್? ಆ ತಂತಿ ವಿಷಯ ಗೊತ್ತಾದ ಮೇಲಾದ್ರೂ ಕೊಟ್ಟಿರಬೇಕಲ್ಲ.”

“ಸಮಿತಿ ಜನವರಿಯಲ್ಲೇ ಕೂತು ಎದ್ದಿತ್ತು. ಫೈಲಲ್ಲಿ ಮೆಮೊ ಇತ್ತು. ಚಹಾ ಹೊತ್ತಲ್ಲಿ ಆಗದೆ ಉಳಿದ ಅನಾಹುತಾನ ಯಾರು ಫೈಲಿಗೆ ಹಾಕ್ತಾರೆ?”

“ಮುಂದಿನ ವರ್ಷ?”

“ಇದ್ದಿದ್ದು ಒಂದೇ ಹುದ್ದೆ. ಅವರು ಅದೇ ಕುರ್ಚಿಯಲ್ಲೇ ನಿವೃತ್ತಿ ಆದ್ರು.”

ಸಿಂಚನಾ ಕೇಳಿದಳು: “ಹಾಗಾದ್ರೆ ಆ ಹುದ್ದೆ ಯಾರಿಗೆ ಹೋಯ್ತು ಸರ್?”

“ನನಗೆ,” ಎಂದರು ನಂಜರಾಜಯ್ಯನವರು, “ಪಕ್ಕದ ವಿಭಾಗದಲ್ಲಿದ್ದ ನನ್ನ ಸರ್ವರ್ ಆ ವರ್ಷ ಒಂದು ದಿನವೂ ನಿಂತಿರಲಿಲ್ಲ.”