ಫಕೀರಪ್ಪನ ಅನುಭವ ಪತ್ರ

ನಲವತ್ತೆಂಟು ಬಚ್ಚಲುಮನೆಗಳಿರುವ ಹೊಸ ಹಾಸ್ಟೆಲಿನ ಪೈಪಿನ ಕೆಲಸ. ಸಂಜೆ ಐದರೊಳಗೆ ಪ್ಲಂಬರ್ ಸರ್ಟಿಫಿಕೇಟ್ ತೋರಿಸಿದರೆ ಫಕೀರಪ್ಪನಿಗೆ, ಇಲ್ಲವಾದರೆ ಬೇರೆಯವರಿಗೆ.

ಇಪ್ಪತ್ತಾರು ವರ್ಷ ಪೈಪು ಜೋಡಿಸಿದ ಫಕೀರಪ್ಪ ಸರ್ಟಿಫಿಕೇಟಿನ ಪರೀಕ್ಷೆಯಲ್ಲೇನೋ ಪಾಸಾಗಿದ್ದ. ಆದರೂ ಅದನ್ನು ಕೊಡುವ ಕಚೇರಿಯ ಅಧಿಕಾರಿ ಅವನ ಫೈಲು ಮುಚ್ಚಿದರು.

"ಹಳೇ ಪ್ಲಂಬರ್ ಒಬ್ಬ ಬರೆದುಕೊಟ್ಟ ಅನುಭವ ಪತ್ರ ಎಲ್ಲಿ?"

"ನನಗೆ ಕಲಿಸಿದ ಮೇಸ್ತ್ರಿ ತೀರಿಹೋದ್ರು, ಸಾಹೇಬ್ರೇ."

"ಪತ್ರ ಇಲ್ಲ ಅಂದ್ಮೇಲೆ ನೀನು ಪ್ಲಂಬರೇ ಅಲ್ಲ ಕಣಯ್ಯ."

ಗಂಟೆ ನಾಲ್ಕಾಗಿತ್ತು. ಫಕೀರಪ್ಪ ಹೊರಗೆ ಬಂದ. ಬೆಂಚಿನ ಮೇಲೆ ಕೂತ, ಎದ್ದ, ಮತ್ತೆ ಕೂತ. ಎದುರಿನ ಗೋಡೆಗೆ ಈಗಾಗಲೇ ಸರ್ಟಿಫಿಕೇಟ್ ಪಡೆದವರ ಪಟ್ಟಿ ಅಂಟಿಸಿದ್ದರು. ಓದಿದ. ಒಳಗೆ ಹೋದ.

"ಆ ಪಟ್ಟಿಯಲ್ಲಿ ನನ್ನ ಶಿಷ್ಯರು ಏಳು ಜನ ಇದ್ದಾರೆ. ಅವರ ಅನುಭವ ಪತ್ರ ಯಾರು ಬರೆದಿದ್ದು ಅಂತ ಸ್ವಲ್ಪ ನೋಡ್ತೀರಾ?"

ಅಧಿಕಾರಿ ಒಂದು ಫೈಲು ತೆಗೆದರು. ಅದರಲ್ಲಿ ಫಕೀರಪ್ಪನ ಸಹಿ, ಪಕ್ಕದಲ್ಲೇ 'ಒಪ್ಪಿದೆ' ಎಂದು ಅವರದೇ ಸಹಿ. ಎರಡನೆಯದರಲ್ಲೂ ಹಾಗೇ. ಮೂರನೆಯದನ್ನು ಅವರು ತೆರೆಯಲಿಲ್ಲ. ಎದ್ದು ಫ್ಯಾನು ಜೋರು ಮಾಡಿದರು.

"ನಾನು ಪ್ಲಂಬರ್ ಅಲ್ಲ ಅಂತ ಬರೆದುಕೊಡಿ, ಸಾಕು. ಏಳೂ ಸರ್ಟಿಫಿಕೇಟ್ ನಾನೇ ವಾಪಸ್ ತಂದುಕೊಡ್ತೀನಿ. ಮೇಲಿನವರು ಕೇಳಿದ್ರೆ ನೀವು ಹೇಳ್ಕೊಳ್ಳಿ."

"ಇದನ್ನ ಮೊದಲೇ ಹೇಳೋದಲ್ವೇನ್ರೀ? ಕೂತ್ಕೊಳ್ಳಿ. ಟೀ ಕುಡೀತೀರಾ?"

ಟೀ ಬರುವ ಮೊದಲೇ ಸಹಿ ಬಿತ್ತು. ನಾಲ್ಕೂ ಮುಕ್ಕಾಲಿಗೆ ಫಕೀರಪ್ಪ ಹಾಸ್ಟೆಲಿನ ಬಾಗಿಲಲ್ಲಿದ್ದ. ಸಿಕ್ಕಿದ್ದು ಒಂದು ಸರ್ಟಿಫಿಕೇಟ್, ನಲವತ್ತೆಂಟು ಬಚ್ಚಲುಮನೆ, ಒಂದು ಟೀ. ಜೊತೆಗೆ, ಹೋಗುವಾಗಿನ 'ಕಣಯ್ಯ' ಬರುವಾಗ 'ರೀ' ಆಗಿತ್ತು.