ತಾಯಚ್ಚಿಗೆ ಸೇರಿಸಿದ ಅಭ್ಯಾಸ

ದೇವರ ದಯೆಯಿಂದ ಒಂದು ಕಂಪ್ಯೂಟರ್ ಪ್ರೋಗ್ರಾಮಿನ ಫಂಕ್ಷನ್‌ಗಳೆಲ್ಲ, ಅಂದರೆ ಒಂದೊಂದು ಕೆಲಸಕ್ಕೆಂದು ಬರೆದ ತುಣುಕುಗಳೆಲ್ಲ, ತಾಯಚ್ಚು ಎಂಬ ಒಂದೇ ಮೂಲ ಮಾದರಿಯಿಂದ ಹುಟ್ಟಿ, ತಂತಮ್ಮ ಕೆಲಸ ಮಾಡಿಕೊಂಡಿದ್ದವು. ಅವುಗಳಲ್ಲಿ ಹಿರಿಯಣ್ಣ, ಲೆಕ್ಕ ಕೂಡುವವನು, ಒಂದು ದಿನ ತಾಯಚ್ಚಿಗೆ ಹೇಳಿದ:

"ಅವ್ವಾ, ಕೆಲಸಕ್ಕೆ ಮುಂಚೆ ಕೈಗೆ ಬಂದದ್ದನ್ನು ಕೂಗಿ ಹೇಳಿದರೆ ತಪ್ಪು ಬೇಗ ಸಿಗುತ್ತದೆ. ಆ ಅಭ್ಯಾಸವನ್ನು ನಿನಗೇ ಸೇರಿಸುತ್ತೇನೆ."

"ನಿನ್ನಲ್ಲೇ ಇಟ್ಟುಕೊಳ್ಳಪ್ಪ. ನನಗೆ ಸೇರಿಸಿದರೆ ನಿನ್ನ ಒಡಹುಟ್ಟಿದವರಿಗೆಲ್ಲ ಬರುತ್ತದೆ."

"ಒಳ್ಳೆಯದು ಎಲ್ಲರಿಗೂ ಬರಲಿ ಬಿಡವ್ವ!" ಎಂದವನೇ ಸೇರಿಸಿಬಿಟ್ಟ.

ಪಾಸ್‌ವರ್ಡ್ ಕಾಯುವ ತಮ್ಮನೂ ಕೂಗತೊಡಗಿದ. ಜನ ನಂಬಿ ಒಪ್ಪಿಸಿದ ಗುಟ್ಟೆಲ್ಲ ಬೀದಿಪಾಲಾಯಿತು.

ಅಣ್ಣ ಅಳುತ್ತ ಆ ಅಭ್ಯಾಸವನ್ನು ಕಿತ್ತುಹಾಕಿದ. "ಬಾಯೇನೋ ಮುಚ್ಚಿತು, ಅಣ್ಣಾ. ಕೂಗಿದ್ದನ್ನು ಯಾರು ವಾಪಸ್ ತರುತ್ತಾರೆ?" ಎಂದ ತಮ್ಮ.

ಕರುಣಾಳು ದೇವರು ಅಣ್ಣನನ್ನು ಕ್ಷಮಿಸಿಯಾನು. ಆದರೆ ತಪ್ಪೇ ಮಾಡದ ತಮ್ಮನನ್ನು ಆಮೇಲೆ ಯಾರೂ ಕೆಲಸಕ್ಕೆ ಕರೆಯಲಿಲ್ಲ.