ಸಾರಿಸಿದ ನೆಲ, ಒಂದು ಬಟ್ಟಲು ಅಂಬಲಿ

“ಸಿದ್ದವ್ವ ತಾಯಿಯ ಆಶ್ರಮಕ್ಕೆ ಯಾವ ದಾರಿ, ಅವ್ವಾ?” ಜೀಪು ನಿಲ್ಲಿಸಿ, ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದವಳನ್ನು ವಾಗ್ದೇವಿ ಕೇಳಿದಳು.

“ನಿನ್ನ ಫೋನು ಏನಂತದ?”

“ನೇರ ಹೋಗು ಅನ್ನುತ್ತೆ. ನೇರಕ್ಕೆ ಹೊಳೆ ಇದೆ.”

“ಹಂಗಾರ ಅದರ ಮಾತು ಬಿಡು. ಬೇವಿನ ಗಿಡದ ಎಡಕ್ಕ ಹೊಳ್ಳು.”

ಈ ಆಶ್ರಮಕ್ಕೆ ಬರುವ ಮೊದಲು, ದೂರದಲ್ಲಿ ಕೂತು ಯಂತ್ರ ನಡೆಸುವ ವಿದ್ಯೆಯನ್ನು ವಾಗ್ದೇವಿಗೆ ಕಲಿಸಿದವಳು ಸಿದ್ದವ್ವ ತಾಯಿ. ಆಶ್ರಮದ ಅಂಗಳದಲ್ಲಿ ಶಿಷ್ಯೆ ಜೀಪಿನಿಂದ ನಾಲ್ಕು ಕಾಲು, ಒಂದು ಕೈಯ ರೋಬೋ ಇಳಿಸಿದಳು.

“ನಾಳೆ ಇದು ವಿಷಗಾಳಿಯ ಸುರಂಗಕ್ಕೆ ಇಳಿದು ಗಾಳಿ ಸೋರುವ ಕವಾಟ ಮುಚ್ಚಬೇಕು, ತಾಯಿ. ಆಗದಿದ್ದರೆ ಆಳುಗಳನ್ನೇ ಇಳಿಸುತ್ತಾರೆ.”

“ತೊಂದರೆ ಏನು?”

“ನಾನು ನಡಿ ಅಂದರೆ ಇದು ನಿಲ್ಲುತ್ತೆ. ಕಾಲಿನ ಸೆನ್ಸರುಗಳ ಹಟ. ಅವುಗಳ ಬಾಯಿ ಮುಚ್ಚಿಸಿ ಕೊಡಿ.”

“ಅದಕ್ಕೇನಂತೆ.” ತಾಯಿ ಸೆನ್ಸರು ಬಂದ್ ಮಾಡಿದಳು. ಅಡುಗೆಮನೆಯಲ್ಲಿ ಅಂಬಲಿಯ ಬಟ್ಟಲನ್ನು ರೋಬೋದ ಕೈಗಿಟ್ಟು, ಪಡಸಾಲೆಯ ಆಚೆ ತುದಿಯಲ್ಲಿ ಕೂತಳು. “ಜೀಪಿನಲ್ಲೇ ಕೂತು ನನಗೆ ಉಣ್ಣಲು ತಂದುಕೊಡು.”

ವಾಗ್ದೇವಿ ಪರದೆ ನೋಡುತ್ತ ಜಾಯ್‌ಸ್ಟಿಕ್ ಒತ್ತಿದಳು. ಅರ್ಧ ಪಡಸಾಲೆಗೆ ರೋಬೋ ಜಾರಿತು. ಅಂಬಲಿ ನೆಲದ ಪಾಲಾಯಿತು.

“ಪರದೆಯಲ್ಲಿ ನೆಲ ಚೆನ್ನಾಗೇ ಇತ್ತಲ್ಲ!” ವಾಗ್ದೇವಿ ಜೀಪಿನಿಂದ ಇಳಿದು ಬಂದಳು.

“ಈಗಷ್ಟೇ ಸಗಣಿ ಸಾರಿಸಿದ್ದೆ. ನಿನ್ನ ಪರದೆಗೆ ಹಸಿ ಗೊತ್ತಾಗುತ್ತಾ? ಒಂದು ಬಟ್ಟಲು ಅಂಬಲಿ ಸಾಲ ಬಿತ್ತು ನಿನ್ನ ಮೇಲೆ.”

“ಹಾಗಾದರೆ ರೋಬೋ ತಾನೇ ತರಲಿ.” ವಾಗ್ದೇವಿ ಮುನಿಸಿನಲ್ಲಿ ಸೆನ್ಸರು ಮತ್ತೆ ಚಾಲೂ ಮಾಡಿದಳು, ಬಟ್ಟಲು ತುಂಬಿದಳು, ಜಾಯ್‌ಸ್ಟಿಕ್ ಪಕ್ಕಕ್ಕಿಟ್ಟಳು.

ರೋಬೋ ಹಸಿ ನೆಲದ ಅಂಚಿಗೆ ಬಂತು. ಕಾಲಿಟ್ಟು ನೋಡಿತು. ನಿಂತಿತು. ಅಂಬಲಿಯ ಮೇಲೆ ಕೆನೆಗಟ್ಟಿದರೂ ನಿಂತೇ ಇತ್ತು.

“ಬಟ್ಟಲು ಭದ್ರವಾಗಿದೆ,” ಎಂದಳು ತಾಯಿ. “ಹೊಟ್ಟೆ ಖಾಲಿ ಇದೆ.”

ವಾಗ್ದೇವಿ ಜೀಪಿಗೆ ಹೋಗಿ ಮತ್ತೆ ಜಾಯ್‌ಸ್ಟಿಕ್ ಹಿಡಿದಳು. ಬೆರಳು ಅಭ್ಯಾಸಬಲದಿಂದ ಮುಂದಕ್ಕೆ ಒತ್ತಿತು, ರೋಬೋ ಕದಲಲಿಲ್ಲ. ಬೆರಳು ತೆಗೆದಳು. ಒತ್ತುವ ಬದಲು ಕ್ಯಾಮೆರಾ ತಿರುಗಿಸಿದಳು. ದೂರದ ಗೋಡೆಯ ಬುಡದಲ್ಲಿ ಸಾರಿಸದೆ ಬಿಟ್ಟ ಒಂದು ಪಟ್ಟಿ ಕಂಡಿತು.

ಆ ಕಡೆಗೆ ಮುಖ ಮಾಡಿಸಿದಳು, ಅಷ್ಟೇ. ಯಾವ ಕಾಲು ಎಲ್ಲಿ ಅನ್ನುವುದನ್ನು ಅದಕ್ಕೇ ಬಿಟ್ಟಳು. ಅದು ತಡವಿ, ಊರಿ, ಮತ್ತೆ ತಡವಿ ಹೆಜ್ಜೆ ಹಾಕಿತು. ಅದು ನಿಂತಲ್ಲೆಲ್ಲ ಅವಳೂ ಕಾದಳು.

ತಾಯಿ ಬಟ್ಟಲು ತೆಗೆದುಕೊಂಡು ಕೊನೆಯ ಗುಟುಕಿನವರೆಗೆ ಕುಡಿದಳು. “ಸಾಲ ತೀರಿತು.”

ಸೆನ್ಸರಿನ ಬಾಯಿ ಮುಚ್ಚಿಸುವ ಮಾತನ್ನು ವಾಗ್ದೇವಿ ಮತ್ತೆ ಎತ್ತಲಿಲ್ಲ. ರೋಬೋವನ್ನು ಜೀಪಿಗೇರಿಸಿ, ಹೊರಡುವಾಗ ಮಾತ್ರ ತಡೆಯಲಾರದೆ ಕೇಳಿದಳು: “ನಾಳೆ ಕವಾಟ ಮುಚ್ಚಿದರೆ, ಮುಚ್ಚಿದ್ದು ನಾನು ಅನ್ನಲಾ, ಇದು ಅನ್ನಲಾ?”

“ಸುರಂಗಕ್ಕೆ ಇಳಿಯದೆ ಮನೆಗೆ ಹೋದ ಆಳುಗಳು ಅದನ್ನು ಕೇಳೋದಿಲ್ಲ, ಮಗಳೇ.”